ಅಮ್ಮನ ಸಹಿ

ಅಪ್ಪನಿಗೆ,

ನಿಮ್ಮ ಕಾಗದ ಬಂತು. ಸಂಸಾರ ಹೇಗೆ ನಡೆಯುತ್ತದೆಂದು ತಿಳಿಯಲು ಎಂ.ಎಸ್ಸಿ. ಬೇಕೇ ಎಂದು ನೆಂಟರು ನಗುತ್ತಾರಂತೆ. ನಗಲಿ, ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೇ?

ರಜೆಯಲ್ಲಿ ನಾನು ರೆಕಾರ್ಡ್ ಮಾಡಿದ ನಮ್ಮ ಮನೆಯ ಊಟದ ಹೊತ್ತಿನ ಮಾತುಕತೆಯನ್ನು ನನ್ನ ಎಂ.ಎಸ್ಸಿ. ಪ್ರಬಂಧದಿಂದ ತೆಗೆಯಬೇಕೆಂದು ಹಟ ಹಿಡಿದಿದ್ದೀರಿ. ಅಂದು ಒಪ್ಪಿಗೆ ಪತ್ರದಲ್ಲಿ ಅಮ್ಮನ ಸಹಿಯನ್ನೂ ನೀವೇ ಹಾಕಿ, "ನಮ್ಮಿಬ್ರದ್ದೂ ಒಂದೇ, ಬಿಡು" ಅಂದಿದ್ದಿರಿ. ಸಂಶೋಧನೆಯ ನಿಯಮ ಹಾಗಿಲ್ಲ, ಅವರವರ ಮಾತಿಗೆ ಅವರವರದೇ ಸಹಿ. ನೀವು ಹಿಂದಕ್ಕೆ ಪಡೆಯಬಹುದಾದದ್ದು ನಿಮ್ಮ ಮಾತನ್ನು ಮಾತ್ರ. ಅದನ್ನು ಅಳಿಸಿದ್ದೇನೆ. ನಲವತ್ತು ನಿಮಿಷದಲ್ಲಿ ಈಗ ಉಳಿದಿರುವುದು ಅಮ್ಮನ "ಇನ್ನೊಂಚೂರು ಬಡಿಸ್ಲಾ?" ಮಾತ್ರ, ಒಂಬತ್ತು ಸಲ.

ಅದಕ್ಕೂ ಅವಳದೇ ಸಹಿ ಬೇಕಿತ್ತು. ಮಂಗಳವಾರ ಅವಳು ಹೋದದ್ದು ಹಲ್ಲಿನ ಡಾಕ್ಟರ ಹತ್ತಿರವಲ್ಲ, ಕಾಲೇಜಿನಲ್ಲಿ ನನ್ನ ವಿಭಾಗಕ್ಕೆ. "ಅವರಿಗೆ ಹೇಳೇಬಿಡು" ಎಂದಳು, ಹೇಳುತ್ತಿದ್ದೇನೆ. ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, "ನಾನೂ ಮಾತಾಡ್ಬಹುದೇನೇ?" ಎಂದು ಕೇಳಿದಳು. ಜವಾನ ಕಿಟಕಿ ಮುಚ್ಚಲು ಬರುವವರೆಗೂ ಮಾತು ನಿಲ್ಲಿಸಲಿಲ್ಲ.

ಅವಳು ಹೇಳುತ್ತಿರುವ ಅವಳ ಕಥೆಯಲ್ಲಿ ನಾನಿನ್ನೂ ಹುಟ್ಟಿಲ್ಲ. ಗುರುವಾರ ಮತ್ತೆ ಬರುತ್ತಾಳೆ. ಅವತ್ತಿನ ಅಡುಗೆ ನೀವೇ ಮಾಡಿಕೊಳ್ಳಿ.

ಇಂತಿ,
ಓದು ಬಿಡದ ನಿಮ್ಮ ಮಗಳು