ಸೋರುವ ಸೂರಿಗೆ ನಾಲ್ಕನೇ ಶೈಲಿ

ಮಹಡಿ ಮೇಲಿನ ಓನರ್ ಅಂಕಲ್‌ಗೆ,

ಕೆಳಮನೆಯ ಹುಡುಗಿ ಬರೆಯುತ್ತಿದ್ದೇನೆ. ನಮಸ್ಕಾರವನ್ನು ಬೇಕಂತಲೇ ಬಿಟ್ಟಿದ್ದೇನೆ.

ನಿಮ್ಮ ಬಚ್ಚಲ ನೀರು ನಮ್ಮ ಅಡುಗೆಮನೆಗೆ ಸೋರುತ್ತಿದೆ ಅಂತ ಮೂರು ಪತ್ರ ಬರೆದೆ. ಕಾಲೇಜಿನಲ್ಲಿ ಬರವಣಿಗೆಯ ಬೇರೆ ಬೇರೆ ಶೈಲಿ ಕಲಿಸುತ್ತಿದ್ದರು, ಅಭ್ಯಾಸವೂ ಆಗಲಿ ಅಂದುಕೊಂಡೆ. ವಿನಯದಿಂದ ಬರೆದದ್ದಕ್ಕೆ, ಅಕ್ಷರ ಮುತ್ತಿನ ಹಾಗಿದೆ ಅಂದಿರಿ. ತಮಾಷೆಯಾಗಿ ಬರೆದದ್ದನ್ನು ಮನೆಮಂದಿಗೆಲ್ಲ ಓದಿ ಹೇಳಿ ನಕ್ಕಿರಿ. ಕರುಳು ಚುರುಕ್ ಅನ್ನುವಂತೆ ಬರೆದದ್ದಕ್ಕೆ ಆಂಟಿ ಕಣ್ಣೊರೆಸಿಕೊಂಡರು. ನೀವೋ, "ಬರವಣಿಗೆಯಲ್ಲಿ ಎಷ್ಟು ಸುಧಾರಿಸಿದ್ದೀಯಮ್ಮಾ! ಭಾನುವಾರ ನಮ್ಮ ಬಡಾವಣೆ ಸಂಘದವರು ನನಗೆ ಸನ್ಮಾನ ಮಾಡ್ತಾರೆ. ನನ್ನ ಬಗ್ಗೆ ಭಾಷಣ ನೀನೇ ಬರಿ, ನೀನೇ ಓದು" ಅಂದಿರಿ. ಪೈಪಿನ ಮಾತೇ ಎತ್ತಲಿಲ್ಲ.

ನಿನ್ನೆ ಆ ನೀರಲ್ಲಿ ನಮ್ಮಜ್ಜಿ ಜಾರಿ ಬಿದ್ದರು. ಬಲಗೈ ಮುರಿದಿದೆ. ಇದಕ್ಕೊಂದು ಉಪಮೆ ಹುಡುಕಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ನಿಜವಾಗಿ ಸುಧಾರಿಸಿದ್ದೇನೆ ಅಂತ ಆಗ ಗೊತ್ತಾಯಿತು.

ನಾಳೆಯೇ ಪ್ಲಂಬರನ್ನು ಕರೆಸಿ. ನಿಮ್ಮ ಭಾಷಣವೂ ಸಿದ್ಧವಾಗಿದೆ. ಪೈಪ್ ರಿಪೇರಿ ಆಗದಿದ್ದರೆ ಭಾನುವಾರ ವೇದಿಕೆ ಹತ್ತಿ ನಾನು ಓದುವುದು ಇದೇ ಕಾಗದವನ್ನು.

ಇಂತಿ,
ನೀವೇ ಆರಿಸಿದ ಭಾಷಣಗಾರ್ತಿ