ಮಡಕೆಯಂಚಿಗೆ ಎರಡು ಬಡಿತ

ಮನೆ, ಅಡಿಗೆಕೋಣೆಯ ಮೇಜು
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋಯುತ್ತಿಲ್ಲ ತಾನೇ? ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲಿಯ ಹಾಗೆ ಅಲ್ಲೂ ದಿಂಬಿನ ಕೆಳಗೆ ಸೇರಿಸುತ್ತಿದ್ದೀರೋ? ನಿಮ್ಮ ಕಾಗದ ಬಂತು. ಕನ್ನಡಕ ಒಡೆದಿದೆ ಎಂದು ಅಕ್ಕನ ಮಗಳ ಕೈಯಲ್ಲಿ ಬರೆಸಿದ್ದೀರಿ, ಅವಳು ಕೊನೆಯಲ್ಲಿ ತನ್ನ ಕಡೆಯಿಂದ ಒಂದು ಬೆಕ್ಕಿನ ಚಿತ್ರವನ್ನೂ ಬಿಡಿಸಿದ್ದಾಳೆ. ಬೆಕ್ಕು ನಿಮ್ಮ ಹಾಗೇ ಇದೆ. ನಾನೂ ಕಾಗದವನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ಆರೋಗ್ಯದ ಮಾತೆತ್ತಿದರೆ ಸಾಕು, "ಅದಿರ್ಲಿ, ಊಟ ಆಯ್ತಾ?" ಎಂದು ಮಾತು ತೇಲಿಸಿಬಿಡುತ್ತೀರಿ. ಕಾಗದಕ್ಕೆ ನೀವು ಅಡ್ಡಬಾಯಿ ಹಾಕುವಂತಿಲ್ಲ.

ಮೊದಲು ತಪ್ಪೊಪ್ಪಿಗೆ. ನಿಮ್ಮನ್ನು ಕೇಳದೆ ನಿಮ್ಮ ಕಾಳಿನ ಮಡಕೆಯನ್ನು ಸ್ಕ್ಯಾನಿಗೆ ತೆಗೆದುಕೊಂಡು ಹೋಗಿದ್ದೆ. ಕಿರುಚಬೇಡಿ, ಒಡೆದಿಲ್ಲ. ಬೀದಿಯವರಿಗೆಲ್ಲ "ನನ್ನ ಚಿಕ್ಕ ಮಗಳು ಮಡಕೆ ಡಾಕ್ಟರು" ಎಂದು ಹೇಳಿಕೊಂಡು ತಿರುಗುವ ನಿಮಗೆ ನನ್ನ ಕೆಲಸ ಗೊತ್ತೇ ಇದೆ. ನೆಲ ಅಗೆದಾಗ ಸಿಕ್ಕ, ಎರಡು ಸಾವಿರ ವರ್ಷ ಹಳೆಯ ಮಡಕೆಗಳನ್ನು ತಿರುಗುವ ಹಲಗೆಯ ಮೇಲಿಟ್ಟು ಬೆಳಕು ಹಾಯಿಸುತ್ತೇವೆ. ಕೂದಲೆಳೆಯಷ್ಟು ಸವೆದಿದ್ದರೂ ಕಂಪ್ಯೂಟರು ಅದನ್ನು ಬಣ್ಣದಲ್ಲಿ ತೋರಿಸುತ್ತದೆ. ಆದರೆ ಎಷ್ಟು ಬಳಸಿದರೆ ಎಷ್ಟು ಸವೆಯುತ್ತದೆಂದು ಅಂದಾಜು ಮಾಡಲು, ಈಗಲೂ ದಿನಾ ಒಲೆ ಏರುವ ಒಂದು ಮಡಕೆ ಬೇಕಿತ್ತು. ಹಾಗಾಗಿ ಮೂರು ವರ್ಷದಿಂದ ವರ್ಷಕ್ಕೊಂದು ದಿನ ನಿಮ್ಮದು ನಮ್ಮ ಅತಿಥಿ. ಮೊದಲ ಎರಡು ಸಲ ನೀವೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿರಿ, ಯಂತ್ರ ನಡೆಸುವವರಿಗೆ ಮಡಕೆ ಹಿಡಿಯುವುದು ಹೇಗೆಂದು ಪಾಠವನ್ನೂ ಮಾಡಿದಿರಿ. ಮೂವತ್ತು ವರ್ಷ ಹಾಸ್ಟೆಲಿನ ಮುನ್ನೂರು ಹೊಟ್ಟೆ ತುಂಬಿಸಿದವರು ಹೇಳಿದ ಹಾಗೆಯೇ ಅವರು ಹಿಡಿದರು.

ಈ ಸಲದ ಚಿತ್ರ ನೋಡಿ ನನಗೆ ತಲೆ ಕೆಟ್ಟಿತು. ನಿಮಗೊಂದು ಅಭ್ಯಾಸವಿದೆಯಲ್ಲ, ಕಾಳು ಕಲಕಿದ ಮೇಲೆ ಸೌಟನ್ನು ಮಡಕೆಯ ಅಂಚಿಗೆ ಎರಡು ಸಲ ಟಕ್ ಟಕ್ ಎಂದು ಬಡಿಯುವುದು? ಆ ಜಾಗದಲ್ಲಿ, ಬಲಗಡೆಯ ಅಂಚಿನಲ್ಲಿ, ವರ್ಷ ವರ್ಷ ಸವೆತ ಆಳವಾಗಬೇಕು. ಈ ಸಲ ಅಲ್ಲಿ ಒಂದು ಗೀರೂ ಹೆಚ್ಚಾಗಿಲ್ಲ. ಬದಲಿಗೆ ಎಡಗಡೆಯ ಅಂಚು ಸವೆದಿದೆ. ಯಂತ್ರದವರು ಮಡಕೆಯನ್ನು ತಿರುಗಿಸಿ ಇಟ್ಟಿರಬೇಕೆಂದು ಅವರ ಮೇಲೆ ಹಾರಾಡಿದೆ. ಪಾಪ, ಅವರು ಬೆರಳಿಟ್ಟು ಬಾಯಂಚಿನ ಮುಕ್ಕು ತೋರಿಸಿದರು. ಎಂಟನೇ ಕ್ಲಾಸಿನಲ್ಲಿ ನಾನು ನಲ್ಲಿಗೆ ತಾಗಿಸಿ ಮಾಡಿದ ಮುಕ್ಕು. ಬಂದವರಿಗೆ ಕಾಣಬಾರದೆಂದು ಅಂದಿನಿಂದ ನೀವು ಒಲೆಯ ಮೇಲೂ ಅದನ್ನು ಗೋಡೆಯ ಕಡೆಗೇ ತಿರುಗಿಸಿ ಇಡುತ್ತೀರಿ. ಯಂತ್ರದ ಹಲಗೆಯ ಮೇಲೂ ಅದು ಇರಬೇಕಾದಲ್ಲೇ ಇತ್ತು. ಮೂರು ಸಲ ಸ್ಕ್ಯಾನ್ ಮಾಡಿಸಿದೆ, ಮೂರು ಸಲವೂ ಅದೇ ಉತ್ತರ. ನಮ್ಮ ಮೇಡಂ ನೋಡಿದವರೇ, "ಇದು ಬೇರೆ ಯಾರದೋ ಕೈ ಕಣೇ. ನಿಮ್ಮನೇಲಿ ಇನ್ಯಾರು ಅಡಿಗೆ ಮಾಡ್ತಾರೆ?" ಎಂದರು. ಮನೆಯಲ್ಲಿರುವುದು ನಾವಿಬ್ಬರೇ. ನನ್ನ ಅಡಿಗೆ ನೀರು ಕಾಯಿಸುವುದಕ್ಕೆ ಮುಗಿಯುತ್ತದೆ.

ಬಸ್ಸಿನಲ್ಲಿ ಮಡಕೆಯನ್ನು ನಿಮ್ಮ ಹಾಗೇ ಮಡಿಲಲ್ಲಿಟ್ಟುಕೊಂಡು ಬರುವಾಗ ಒಂದೊಂದೇ ನೆನಪಾಯಿತು. ಡಬ್ಬಿಯ ಮುಚ್ಚಳ ತೆಗೆದುಕೊಡು ಎಂದು ನೀವು ಕರೆಯತೊಡಗಿದ್ದು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚಳಿ ಎಂದದ್ದು. ಅಕ್ಕ ಒಲೆಯ ಹತ್ತಿರ ಬಿಡುವುದಿಲ್ಲವೆಂದು ಪ್ರತಿಸಲ ದೂರುವ ನೀವು ಈ ಸಲ "ಅವಳೇ ಮಾಡ್ಲಿ ಬಿಡು" ಎಂದದ್ದು. ಮತ್ತೆ ಆ ಟಕ್ ಟಕ್. ಅದು ಕೇಳಿಸದೆ ಎಷ್ಟು ತಿಂಗಳಾಯಿತು ಅಪ್ಪಾ? ಸೌಟನ್ನು ಅಂಚಿಗೆ ಒರೆಸುವ ಸದ್ದಷ್ಟೇ ಬರುತ್ತಿತ್ತು. ಬಲಗೈ ಸೋತು ನೀವು ಎಡಗೈಯಲ್ಲಿ ಕಲಕುತ್ತಿದ್ದಿರಿ. ಎರಡು ಸಾವಿರ ವರ್ಷದ ಹಿಂದಿನವರ ಕೈ ಹುಡುಕುವವಳಿಗೆ ಪಕ್ಕದ ಕೋಣೆಯಲ್ಲಿದ್ದ ಕೈ ಕಾಣಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ಅಳುವೂ ಬಂತು.

ನೀವು ಯಾಕೆ ಮುಚ್ಚಿಟ್ಟಿರೆಂದು ನನಗೆ ಗೊತ್ತು. ನಿಮ್ಮ ಜೊತೆಯ ಹಿರಿಯ ಅಡಿಗೆಯವರ ಕೈ ಸೋತಾಗ ಅವರನ್ನು ಹಾಸ್ಟೆಲಿನ ಬಾಗಿಲ ಬಳಿ ಊಟದ ಚೀಟಿ ಹರಿಯಲು ಕೂರಿಸಿದರಲ್ಲ, ಆ ದಿನ ಮನೆಗೆ ಬಂದು ನೀವು ಊಟ ಮಾಡಿರಲಿಲ್ಲ. ನಾನೂ ಒಲೆಯ ಮುಂದಿನಿಂದ ನಿಮ್ಮನ್ನು ಎಬ್ಬಿಸುತ್ತೇನೆಂದು ಹೆದರಿದ್ದೀರಿ. ನಿಮ್ಮನ್ನು ಎಬ್ಬಿಸಲು ನಾನ್ಯಾರು?

ಇನ್ನೊಂದು ಸಂಗತಿ. ನಮ್ಮಲ್ಲಿರುವ ಒಂದು ಹಳೆಯ ಮಡಕೆಯಲ್ಲೂ ಹೀಗೇ ಆಗಿದೆ. ಒಂದು ಕಡೆ ಆಳವಾದ ಸವೆತ, ಅದು ನಿಂತ ಮೇಲೆ ಇನ್ನೊಂದು ಕಡೆ ಸ್ವಲ್ಪ. ಆಮೇಲೆ ಮೊದಲಿನ ಜಾಗದಲ್ಲೇ, ಹಳೆಯ ಗೀರುಗಳ ಮೇಲೆ ಹೊಸ ಗೀರು. ಅಡ್ಡಾದಿಡ್ಡಿಯಾಗಿವೆ, ಈಗಷ್ಟೇ ಕಲಿಯುವವರ ಕೈಯ ಹಾಗೆ. ವರದಿಯಲ್ಲಿ ಕಥೆ ಕಟ್ಟಬೇಡ ಎಂದರು ಮೇಡಂ. ಅದಕ್ಕೇ ನಿಮಗೆ ಬರೆದೆ.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ, ಬೆಕ್ಕು ಬಿಡಿಸಿದವಳಿಗೆ ಎರಡು ಮುತ್ತು. ನಿಮ್ಮ ಕಾಲಿಗೆ ಬಿದ್ದು, ಕೈಗೂ ಒಂದು ನಮಸ್ಕಾರ.

ನಿಮ್ಮ
ಮಡಕೆ ಡಾಕ್ಟರು

ತಾಜಾಕಲಂ: ಮಾರ್ಚ್ ೨೦, ಗುರುವಾರ ಹತ್ತು ಗಂಟೆಗೆ ಮೂಳೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಅಕ್ಕನಿಗೆ ಹೇಳಿಯಾಗಿದೆ, ತಪ್ಪಿಸಿಕೊಳ್ಳಲಾರಿರಿ. ಹಿಂದಿನ ದಿನ ಬುಧವಾರ ಬಸ್‌ಸ್ಟಾಂಡಿಗೆ ಬರುತ್ತೇನೆ, ಚೀಲ ನಾನು ಹೊರುತ್ತೇನೆ. ಕೈ ಸರಿಹೋಗುವವರೆಗೆ ಸೌಟು ನನಗೆ ಕೊಡಿ, ನೀವು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಬೈಯುತ್ತಿರಿ. ಇವತ್ತು ಬೆಳಿಗ್ಗೆ ಕಾಳು ಬೇಯಿಸಿ ನೋಡಿದೆ. ತಳ ಹತ್ತಿತು. ಆದರೆ ಬಲಗಡೆಯ ಅಂಚಿಗೆ ಎರಡು ಸಲ ಬಡಿದೆ ಅಪ್ಪಾ, ಮುಕ್ಕನ್ನು ಗೋಡೆಯ ಕಡೆಗೇ ತಿರುಗಿಸಿಟ್ಟು.