ಜ್ವರ ಬಂದವರಿಗೆ ಮಾತ್ರ

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕ,

ನಮಸ್ಕಾರ. ಭಾವ ತೀರಿಕೊಂಡ ಮೇಲೆ ನೀನು ಬರೆದ ಕಾಗದ ಬಂದು ಹದಿನೇಳು ದಿನವಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬೈಯಬೇಡ. "ನಿನ್ನ ಭಾವನಿಗೆ ಸೋಂಕು ಅಂತ ಉಸಿರು ಕಟ್ಟಿದ ಮೇಲೇ ಯಾಕೆ ಗೊತ್ತಾಯ್ತು? ನೀನು ಲ್ಯಾಬಲ್ಲೇ ಇದ್ದೆಯಲ್ಲ?" ಎಂದು ಕೇಳಿದ್ದೀಯ.

ಹೋದ ವಾರ ಸೋಂಕಿನ ಅಧ್ಯಯನ ಮಾಡುವವಳೊಬ್ಬಳು ನಮ್ಮ ಲ್ಯಾಬಿಗೆ ಬಂದು ನಮ್ಮ ಜಿಲ್ಲೆಯ ಅಂಕಿಗಳನ್ನು ಪಕ್ಕದ ಜಿಲ್ಲೆಯವುಗಳ ಜೊತೆಗಿಟ್ಟು ತೋರಿಸಿದಳು. ಅಲ್ಲಿಯವರು ಕೆಮ್ಮಿಲ್ಲದವರನ್ನೂ ಬೀದಿಬೀದಿಯಲ್ಲಿ ಕರೆದು ಪರೀಕ್ಷಿಸಿದರು. ನಾವು ಮೂರು ದಿನ ಜ್ವರ ಬಂದವರನ್ನು ಮಾತ್ರ. ಸೋಂಕಿತರು ನಮ್ಮಲ್ಲೇ ಕಡಿಮೆ. ಆದರೆ ಉಸಿರಾಟದ ಯಂತ್ರದವರೆಗೆ ಹೋದವರು ಮೂರು ಪಟ್ಟು! "ಇದೊಂದೇ ಕಾರಣ ಅನ್ನೋಕಾಗಲ್ಲ ಮೇಡಂ, ಆದ್ರೆ ಹುಡುಕದೇ ಇದ್ರೆ ಹೇಗೆ ಸಿಗುತ್ತೆ?" ಅಂದಳು. ನಮ್ಮ ದೊಡ್ಡ ಡಾಕ್ಟರು ಸಿಡುಕಿದರು: "ಕಿಟ್ ಏನು ಮರದಲ್ಲಿ ಬಿಡ್ತಿತ್ತಾ?"

ಮೊದಲ ತಿಂಗಳು ಇರಲಿಲ್ಲ, ನಿಜ. ಆಮೇಲೆ ಬಂದವಲ್ಲ! ಮುಂದೆ ಬೇಕಾದೀತೆಂದು ಕೂಡಿಟ್ಟೆವು. ಕಪಾಟಿನ ಕೀಲಿ ನನ್ನ ಹತ್ತಿರವೇ. ಹಿಡಿದು ಖರ್ಚು ಮಾಡುತ್ತಾಳೆಂದು ಡಾಕ್ಟರು ಎಲ್ಲರೆದುರು ಹೊಗಳಿದಾಗ ಉಬ್ಬಿಹೋಗಿದ್ದೆ. ಕೊನೆಗೆ ಅವಧಿ ಮೀರಿದ ಆರು ಪೆಟ್ಟಿಗೆಗಳನ್ನು ಸುಡಲು ನಾನೇ ಕೊಟ್ಟೆ.

ನಿನ್ನ ಮಂಡಿನೋವು ಹೇಗಿದೆ? ಮಾತ್ರೆ ತಪ್ಪಿಸಬೇಡ. ಇಲ್ಲಿ ನಮ್ಮೆಜಮಾನರು, "ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಒಂದ್ಕಡೆ ಕೂತ್ಕೋ ಮಾರಾಯ್ತಿ" ಅನ್ನುತ್ತಾರೆ. ಕೂತರೆ ನಿನ್ನ ಕಾಗದ ಕಣ್ಣಿಗೆ ಬೀಳುತ್ತದೆ, ಮತ್ತೆ ಏಳುತ್ತೇನೆ.

ಮಗಳಿಗೆ ನನ್ನ ಆಶೀರ್ವಾದ. ನೂರು ಕಾಲ ಸುಖವಾಗಿರಲಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ತಂಗಿ

ಮರೆತಿದ್ದೆ ಎಂದು ಸುಳ್ಳು ಬರೆಯಲಾರೆ, ಅದಕ್ಕೇ ಇದು ಇಲ್ಲಿ: ಆಸ್ಪತ್ರೆ ಸೇರುವ ಆರು ದಿನ ಮುಂಚೆ ಭಾವ ನಮ್ಮ ಲ್ಯಾಬಿನ ಕಿಟಕಿಗೆ ಬಂದಿದ್ದರು. "ಜ್ವರ ಇಲ್ಲಮ್ಮ. ಮೆಟ್ಲು ಹತ್ತಿದ್ರೆ ಸುಸ್ತು, ಊಟ ರುಚಿಸ್ತಿಲ್ಲ. ಒಂದ್ಸಲ ನೋಡ್ತೀಯಾ?" ಅಂದರು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಂಟರಿಗೆ ನಿಯಮ ಮುರಿದಳು ಅನ್ನಿಸಿಕೊಳ್ಳಬಾರದೆಂದು, "ಜ್ವರ ಬಂದ್ರೆ ಬನ್ನಿ ಭಾವ" ಅಂದೆ. ಆವತ್ತು ಕಪಾಟಿನಲ್ಲಿ ನಾನೂರು ಕಿಟ್ ಇದ್ದವು. "ನಿನ್ನಕ್ಕಂಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾಳೆ" ಎಂದು ನಗುತ್ತಾ ಹೋದರು. ಅವರು ಬೇಡವೆಂದದ್ದಕ್ಕೆ ನಾನು ಇಷ್ಟು ದಿನ ಹೇಳದೆ ಇದ್ದದ್ದಲ್ಲ ಅಕ್ಕ. ಇನ್ನು ನೀನು ನನ್ನನ್ನು ತಂಗಿ ಅನ್ನುವುದಿಲ್ಲವೇನೋ ಎಂಬ ಭಯಕ್ಕೆ.